ಕತ್ತರಿ ಯಂತ್ರದ ಪತ್ರ

ಅಪ್ಪ ಹೋಗಿ ಮೂರು ವಾರವಾಗಿತ್ತು. ಪೇಪರ್ ಅಂಗಡಿಯ ಯಜಮಾನ ನಮ್ಮ ಬೈಂಡಿಂಗ್ ಅಂಗಡಿಗೆ ಬಂದು, ಕತ್ತರಿ ಯಂತ್ರಕ್ಕೆ ಒಂದು ಸುತ್ತು ಹಾಕಿ, ಅದರ ಚಕ್ರದ ಮೇಲೆ ಕೈಯಿಟ್ಟು, "ಅಕ್ಕಾ, ತಪ್ಪು ತಿಳ್ಕೋಬೇಡಿ, ಇದು ನಮ್ದು," ಅಂದ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಈ ಬೀದಿಗೆಲ್ಲ ಗೊತ್ತು. ಆದರೂ ಅವತ್ತು ಮೊದಲು ಬಂದದ್ದು ನಗು. ಆ ಯಂತ್ರ ನಾನು ಫ್ರಾಕು ಹಾಕುತ್ತಿದ್ದ ಕಾಲದಿಂದ ಅದೇ ಕಿಟಕಿಯ ಕೆಳಗೆ ಕೂತಿದೆ. ಚಕ್ರ ತಿರುಗಿಸಿ ಒತ್ತು ಕೊಟ್ಟು, ಹಿಡಿ ಎಳೆದರೆ ಐನೂರು ಹಾಳೆ ಒಂದೇ ಏಟಿಗೆ ತುಂಡು. ಅದು ಹೋದರೆ ಅಂಗಡಿಗೆ ಬೀಗ ಹಾಕಿದ ಹಾಗೆಯೇ. ಪುಸ್ತಕವನ್ನು ಕೈಯಲ್ಲಿ ಹೊಲಿಯಬಹುದು, ಕೈಯಲ್ಲಿ ಅಂಟಿಸಬಹುದು. ಮೂರು ಅಂಚನ್ನೂ ಸಾಪಾಗಿ ಕತ್ತರಿಸಿ ಕೊಡದಿದ್ದರೆ ಯಾವ ಗಿರಾಕಿಯೂ ಎರಡನೇ ಸಲ ಮೆಟ್ಟಿಲು ಹತ್ತುವುದಿಲ್ಲ.

"ನಿಮ್ದು ಹೇಗಾಗುತ್ತೆ ಸ್ವಾಮಿ?" ಎಂದೆ.

ಆತ ಕಂಕುಳಲ್ಲಿದ್ದ ಹಳೆಯ ಲೆಕ್ಕದ ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಚ್ಚಿದ. ಅದನ್ನು ಬೈಂಡ್ ಮಾಡಿದ್ದೂ ಅಪ್ಪನೇ, ಹೊಲಿಗೆ ನೋಡಿದರೆ ಗೊತ್ತಾಗುತ್ತಿತ್ತು. "ನಮ್ಮಪ್ಪ ಸಾಲ ಕೊಟ್ಟು ಕೊಡಿಸಿದ ಯಂತ್ರ ಇದು. ಸಾಲ ತೀರೋ ತನಕ ಯಂತ್ರ ನಮ್ಮ ಹೆಸರಲ್ಲೇ ಅಂತ ಪತ್ರ ಆಗಿದೆ. ನೋಡಿ, ಹನ್ನೊಂದು ತಿಂಗಳು ಬಡ್ಡಿ ಬಂದಿದೆ. ಆಮೇಲೆ ಖಾಲಿ."

"ಖಾಲಿ ಅಂದ್ರೆ ಸಾಲ ತೀರಿತು ಅಂತ."

"ಖಾಲಿ ಅಂದ್ರೆ ಕೊಡೋದು ನಿಲ್ಲಿಸಿದ್ರು ಅಂತ."

ಒಂದೇ ಖಾಲಿ ಜಾಗವನ್ನು ಇಬ್ಬರೂ ಸ್ವಲ್ಪ ಹೊತ್ತು ದಿಟ್ಟಿಸಿದೆವು. ಇಪ್ಪತ್ತೇಳು ವರ್ಷದ ಹಿಂದಿನ ಖಾಲಿ. ಬರೆದವರೂ ಇಲ್ಲ, ಕೊಟ್ಟವರೂ ಇಲ್ಲ. ಅವನ ಅಪ್ಪ, ಹಳೆಯ ಯಜಮಾನರು, ಎರಡು ವರ್ಷದ ಹಿಂದೆಯೇ ತೀರಿಕೊಂಡಿದ್ದರು. ಅರ್ಧ ಲೆಕ್ಕ ಪುಸ್ತಕದಲ್ಲಿ, ಅರ್ಧ ತಲೆಯಲ್ಲಿ ಇಟ್ಟುಕೊಂಡಿದ್ದ ಮನುಷ್ಯ.

ಈತ ಕೆಟ್ಟವನಲ್ಲ, ಅದನ್ನೂ ಹೇಳಿಬಿಡಬೇಕು. ಹೆಚ್ಚುಕಡಿಮೆ ನನ್ನ ವಯಸ್ಸಿನವನೇ. ಅಪ್ಪನ ತಲೆಯಲ್ಲಿದ್ದ ಲೆಕ್ಕವನ್ನು ಎರಡು ವರ್ಷದಿಂದ ಹುಡುಕಿ ಹುಡುಕಿ ಕಣ್ಣಿನ ಕೆಳಗೆ ಕಪ್ಪಾಗಿತ್ತು. "ಸಾಲ ತೀರಿದ್ರೆ ನಮ್ಮಪ್ಪ ಆ ಪತ್ರದ ಮೇಲೇ ಸಂದಾಯ ಅಂತ ಬರೆದು, ರುಜು ಹಾಕಿ, ಸಾಲ ತಗೊಂಡವರ ಕೈಗೆ ವಾಪಸ್ ಕೊಡೋರು. ಅದು ಅವರ ರೂಢಿ. ನಮ್ಮ ಪೆಟ್ಟಿಗೆಯಲ್ಲಂತೂ ಆ ಪತ್ರ ಇಲ್ಲ. ನಿಮ್ಮ ಹತ್ರ ಇದ್ರೆ ತೋರಿಸಿ, ಇಲ್ಲಿಗೇ ಮುಗೀತು. ಇಲ್ಲಾಂದ್ರೆ ಬಡ್ಡಿ ಸೇರಿಸಿ ದುಡ್ಡು ಕೊಡಿ, ಅದೂ ಆಗಲ್ಲಾಂದ್ರೆ ಯಂತ್ರ. ತಿಂಗಳ ಕೊನೇ ತನಕ ಕಾಯ್ತೀನಿ ಅಕ್ಕಾ, ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ."

ಬಡ್ಡಿ ಸೇರಿಸಿದರೆ ಎಷ್ಟಾಗುತ್ತದೆ ಎಂದು ಆತ ಹೇಳಿದ ಅಂಕಿ ಕೇಳಿ ನಾನು ಸ್ಟೂಲಿನ ಮೇಲೆ ಕೂತೆ. ಅಷ್ಟು ದುಡ್ಡಿದ್ದರೆ ಇಂಥ ಎರಡು ಅಂಗಡಿ ತೆಗೆಯಬಹುದಿತ್ತು.

ಸಾಲ ತೀರಿದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅಪ್ಪ ಎಷ್ಟೋ ಸಲ ಹೇಳಿದ್ದರು: ಯಂತ್ರದ ಸಾಲ ತೀರಿಸಿ ಮನೆಗೆ ಬಂದ ದಿನವೇ ನಿನ್ನ ತಮ್ಮ ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆದ ಎಂದು. ಅಪ್ಪ ಬಾಯಿಬಡುಕರಲ್ಲ, ಸುಳ್ಳುಬುರುಕರಂತೂ ಅಲ್ಲವೇ ಅಲ್ಲ. ಆದರೆ ತಮ್ಮ ಹೆಜ್ಜೆ ಇಟ್ಟ ಎಂಬುದನ್ನು ಪೇಪರ್ ಅಂಗಡಿಯವನಿಗೆ ಸಾಕ್ಷಿ ಎಂದು ತೋರಿಸಲಾಗುತ್ತದೆಯೇ?

ತಮ್ಮ ಈಗ ಬಸ್ಸು ಓಡಿಸುತ್ತಾನೆ. ರಜೆ ಹಾಕಿ ಬಂದ. ಇಬ್ಬರೂ ಸೇರಿ ಮನೆಯನ್ನು ಬುಡಮೇಲು ಮಾಡಿದೆವು. ಟ್ರಂಕು, ಬೀರು, ಹಾಸಿಗೆಯ ಅಡಿ, ಗಡಿಯಾರದ ಹಿಂದೆ, ಅಪ್ಪನ ಕೋಟಿನ ಹರಿದ ಜೇಬಿನೊಳಗೆ ಕೈಹಾಕಿ ಅದರ ಅಸ್ತರಿನಲ್ಲಿ ಕೂಡ. ಎಂಟು ಗುಂಡಿ, ಒಂದು ಮುರಿದ ಕನ್ನಡಕ, ಅಷ್ಟೇ. ಬೇರೆಯವರ ಮನೆಯಲ್ಲಿ ಸತ್ತವರು ಬಿಟ್ಟುಹೋದ ಕಾಗದವನ್ನು ಏನು ಮಾಡುವುದು ಎಂದು ಒದ್ದಾಡುತ್ತಾರೆ. ನಮ್ಮ ಮನೆಯಲ್ಲಿ ಅಪ್ಪನದೆಂದು ಒಂದು ಚೀಟಿಯೂ ಇರಲಿಲ್ಲ.

"ಮಹಾನುಭಾವ!" ಎಂದೆ ನಾನು ಅಪ್ಪನ ಖಾಲಿ ಬೀರುವಿಗೆ. "ಊರಿನವರ ಕಾಗದವನ್ನೆಲ್ಲ ನೂರು ವರ್ಷ ಬಾಳೋ ಹಾಗೆ ಕಟ್ಟಿಕೊಟ್ರಿ. ನಿಮ್ಮದೊಂದು ಕಾಗದ ಜೋಪಾನ ಮಾಡೋಕೆ ಆಗಲಿಲ್ವಾ?"

"ಸತ್ತವರನ್ನ ಎಷ್ಟು ಬೈತೀಯೇ ಅಕ್ಕಾ," ಎಂದ ತಮ್ಮ.

"ಬದುಕಿದ್ದಾಗ ಬೈದಿದ್ದು ಸಾಲಲಿಲ್ಲ, ಅದಕ್ಕೇ. ಇಷ್ಟು ಬೇಜವಾಬ್ದಾರಿ ಇರಬಾರದಪ್ಪ ಮನುಷ್ಯನಿಗೆ."

ಎರಡು ವಾರ ನನ್ನ ಬಾಯಿಗೆ ಬಿಡುವಿರಲಿಲ್ಲ. ಹೊಲಿಯುವಾಗ ಬೈದೆ, ಅಂಟು ಕಲಸುವಾಗ ಬೈದೆ. ಪಕ್ಕದ ಔಷಧಿ ಅಂಗಡಿಯವರು ತಮ್ಮ ಹಳೆಯ ನಿಘಂಟನ್ನು ರಿಪೇರಿಗೆ ತಂದುಕೊಟ್ಟು, "ಯಾರ ಮೇಲಮ್ಮ ಇಷ್ಟೊಂದು?" ಎಂದು ಕೇಳಿದಾಗ, "ನಮ್ಮಪ್ಪನ ಮೇಲೆ," ಎಂದೆ. ಪಾಪ, ತೆಪ್ಪಗೆ ಹೋದರು.

ಆ ನಿಘಂಟು ಅಪ್ಪನೇ ಎಂದೋ ಕಟ್ಟಿದ್ದು. ರಟ್ಟು ಸಡಿಲವಾಗಿತ್ತು. ನಾನು ಅದನ್ನು ಕಿತ್ತು, ಬೆನ್ನಿನ ಮೇಲೆ ತೆಳ್ಳಗೆ ಹಿಟ್ಟಿನ ಗಂಜಿ ಸವರಿ, ಹಳೆಯ ಅಂಟು ನೆನೆಯಲಿ ಎಂದು ಬಿಟ್ಟೆ. ಪುಸ್ತಕ ಹೊಲಿದಾದ ಮೇಲೆ ಅದರ ಬೆನ್ನಿಗೆ ಒಂದು ಗಟ್ಟಿ ಕಾಗದದ ಪಟ್ಟಿ ಅಂಟಿಸುತ್ತೇವೆ. ಹೊರಗೆ ಕಾಣುವುದಿಲ್ಲ, ರಟ್ಟಿನೊಳಗೆ ಮುಚ್ಚಿಹೋಗುತ್ತದೆ. ಅದಕ್ಕೆ ಹೊಸ ಕಾಗದ ಹಾಕುವುದು ದಂಡ ಎಂಬುದು ಅಪ್ಪನ ಲೆಕ್ಕಾಚಾರ. ಗಂಜಿ ನೆಂದ ಮೇಲೆ ಮೂಳೆಯ ಚಾಕು ತೂರಿಸಿ ಪಟ್ಟಿ ಎತ್ತಿದೆ. ಹಿಂದೆ ಮಸುಕು ಅಕ್ಷರ. ಬೆಳಕಿಗೆ ಹಿಡಿದೆ. ನಮ್ಮ ಮನೆಯ ಕರೆಂಟ್ ಬಿಲ್ಲು! ಹದಿನಾಲ್ಕು ವರ್ಷದ ಹಿಂದಿನದು, ಆಗಿನ್ನೂ ಬದುಕಿದ್ದ ಅಮ್ಮನ ಹೆಸರಿನಲ್ಲಿ.

ನಾನು ಚಾಕು ಕೆಳಗಿಟ್ಟೆ. ತಮ್ಮನಿಗೆ ಫೋನು ಮಾಡಿದೆ.

"ಕಳೆದಿಲ್ಲ ಕಣೋ! ಅಪ್ಪ ಏನನ್ನೂ ಕಳೆದಿಲ್ಲ, ಎಸೆದೂ ಇಲ್ಲ! ಎಲ್ಲಾ ಯಾರ್‍ಯಾರದೋ ಪುಸ್ತಕದ ಬೆನ್ನಿಗೆ ಹತ್ತಿದೆ!"

"ಅಕ್ಕಾ, ನಾನು ಬಸ್ ಹತ್ರ ಇದೀನಿ, ಜನ ಕಾಯ್ತಿದಾರೆ. ಯಾವ ಬೆನ್ನು?"

ಅದೇ ಪ್ರಶ್ನೆ. ಯಾವ ಬೆನ್ನು? ಅಪ್ಪ ನಲವತ್ತು ವರ್ಷದಲ್ಲಿ ಕಟ್ಟಿದ ಪುಸ್ತಕಗಳಿಗೆ ಲೆಕ್ಕವಿಟ್ಟವರು ಯಾರು? ಆದರೆ ಲೆಕ್ಕ ಇತ್ತು. ಅಂಗಡಿಯ ಕೆಲಸದ ರಿಜಿಸ್ಟರು ಮಾತ್ರ ಅಪ್ಪ ಚಾಚೂ ತಪ್ಪದೆ ಬರೆದಿದ್ದರು: ಯಾರ ಪುಸ್ತಕ, ಎಷ್ಟು, ಯಾವತ್ತು ಬಂತು, ಯಾವತ್ತು ಹೋಯಿತು. ಬಡ್ಡಿ ನಿಂತ ತಿಂಗಳು, ಅದರ ಮುಂದಿನ ತಿಂಗಳು ಎರಡನ್ನೂ ತೆಗೆದೆ. ಆ ಎರಡು ತಿಂಗಳಲ್ಲಿ ಕಟ್ಟಿದ್ದು ಮೂರೇ ಕೆಲಸ. ಒಂದು ಹೋಟೆಲಿನ ಬಿಲ್ ಬುಕ್ಕುಗಳು; ಆಗಲೇ ಹರಿದು ಹಂಚಿಹೋಗಿರುತ್ತವೆ. ಶಾಲೆಯ ಹಾಜರಿ ಪುಸ್ತಕಗಳು. ಆ ಶಾಲೆಯೇ ಈಗ ಇಲ್ಲ. ಮೂರನೆಯದು ಊರಿನ ಗ್ರಂಥಾಲಯಕ್ಕೆ: 'ಹವಾಮಾನ ವರದಿ, ಸಂಪುಟ 41.'

ನಲವತ್ತೊಂದು ಸಂಪುಟ. ತಿಂಗಳು ಮುಗಿಯಲು ಹನ್ನೊಂದು ದಿನ.

ಗ್ರಂಥಪಾಲಕಿಯನ್ನು ಊರಿನವರು 'ಮೆಲ್ಲಗಮ್ಮ' ಎನ್ನುತ್ತಿದ್ದರು. ಯಾರು ಬಾಗಿಲು ದಾಟಿದರೂ ಅವರ ಬಾಯಿಂದ ಬರುವ ಮೊದಲ ಮಾತು "ಮೆಲ್ಲಗೆ". ನಾನು ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡಿದವಳಲ್ಲ. ಎರಡು ಸಲ "ಮೆಲ್ಲಗೆ" ಅನ್ನಿಸಿಕೊಂಡು, ಮೂರನೇ ಸಲಕ್ಕೆ ಪಿಸುಗುಟ್ಟುತ್ತಲೇ ವಿಷಯವೆಲ್ಲ ಹೇಳಿದೆ.

"ಹವಾಮಾನ ವರದಿನಾ?" ಎಂದರು ಅವರು. "ಅದನ್ನ ಕೇಳ್ಕೊಂಡು ಬಂದವರು ನೀವೇ ಮೊದಲು. ಧೂಳು ಕೂಡ ನಿಮ್ಮಪ್ಪ ತಂದಾಗಿನದೇ ಇರಬೇಕು." ಸ್ವಲ್ಪ ಯೋಚಿಸಿ, "ಗ್ರಂಥಾಲಯದ ಪುಸ್ತಕ ಕಿತ್ತು ನೋಡ್ತೀನಿ ಅಂತೀರಲ್ಲ, ನಾನು ಹೇಗೆ ಒಪ್ಪಲಿ?"

"ಕಿತ್ತದ್ದನ್ನೆಲ್ಲ ಹೊಸ ಬಟ್ಟೆ ಹಾಕಿ ಕಟ್ಟಿಕೊಡ್ತೀನಿ. ಒಂದು ಕಾಸೂ ಬೇಡ."

"ಎಲ್ಲಾ ನಲವತ್ತೊಂದೂ?"

"ಪತ್ರ ಮೊದಲನೇದ್ರಲ್ಲೇ ಸಿಕ್ಕಿದ್ರೂ ನಲವತ್ತೊಂದೂ." ಬಾಯಿ ನನಗಿಂತ ಮುಂದೆ ಓಡುತ್ತದೆ, ಏನು ಮಾಡುವುದು.

ಅವರ ಷರತ್ತು ಒಂದೇ: ಪುಸ್ತಕ ಹೊರಗೆ ಹೋಗಕೂಡದು, ಅಲ್ಲೇ ಹಿಂದಿನ ಕೋಣೆಯಲ್ಲಿ, ಅವರ ಕಣ್ಣೆದುರು ಬಿಚ್ಚಬೇಕು. ಮೊದಲ ದಿನ ಅವರು ಬಾಗಿಲ ಬಳಿ ಪೊಲೀಸರಂತೆ ನಿಂತಿದ್ದರು. ಎರಡನೇ ದಿನ ಕುರ್ಚಿ ತಂದು ಹಾಕಿಕೊಂಡರು. ಮೂರನೇ ದಿನ ಅವರೇ ಗಂಜಿಯ ಬ್ರಷ್ಷು ಹಿಡಿದಿದ್ದರು, ಕನ್ನಡಕ ಹಣೆಗೇರಿಸಿ.

ಯಾಕೆಂದರೆ ಒಳಗಿದ್ದದ್ದು ಅಂಥದ್ದು. ಒಂದೊಂದು ಬೆನ್ನಿನಲ್ಲೂ ನಮ್ಮ ಮನೆಯ ಒಂದೊಂದು ಚೂರು. ಸಂಪುಟ ಎರಡರಲ್ಲಿ ಕ್ಯಾಲೆಂಡರಿನ ಅರ್ಧ ತಿಂಗಳು. ಐದರಲ್ಲಿ ಅಮ್ಮನ ಹೊಲಿಗೆ ಪುಸ್ತಕದ ರವಿಕೆಯ ನಕ್ಷೆ. ಒಂಬತ್ತರಲ್ಲಿ ನನ್ನ ಗಣಿತದ ಉತ್ತರ ಪತ್ರಿಕೆ, ನೂರಕ್ಕೆ ಇಪ್ಪತ್ತೆರಡು. ಅದನ್ನು ನಾನೇ ಎಲ್ಲೋ ಅಡಗಿಸಿಟ್ಟಿದ್ದೆ, ಅಪ್ಪನಿಗೆ ಸಿಕ್ಕಿದ್ದು ನನಗೆ ಗೊತ್ತೇ ಇರಲಿಲ್ಲ. ಹದಿಮೂರರಲ್ಲಿ ತಮ್ಮನ ಲಸಿಕೆಯ ಕಾರ್ಡು. ಫೋನು ಮಾಡಿ ಹೇಳಿದರೆ, "ಹೌದಾ? ನಂಗೆ ಲಸಿಕೆ ಆಗಿದೆಯಾ? ಕೆಲಸಕ್ಕೆ ಸೇರುವಾಗ ಅದಿಲ್ಲಾಂತ ಮತ್ತೆ ಮೂರು ಸೂಜಿ ಚುಚ್ಚಿದ್ರಲ್ಲೇ!" ಎಂದು ಕಿರುಚಿದ.

ಇನ್ನೊಂದು ಸಂಗತಿ. ರಟ್ಟು ಮುಚ್ಚುವ ಮೊದಲು ಬೆನ್ನುಪಟ್ಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಸಾಲು ಬರೆಯುವುದು ಅಪ್ಪನ ಅಭ್ಯಾಸ. ಗಿರಾಕಿಗಲ್ಲ, ಮುಂದೆ ಯಾವಾಗಲೋ ಆ ಪುಸ್ತಕ ಬಿಚ್ಚುವ ಇನ್ನೊಬ್ಬ ಬೈಂಡರಿಗೆ, ಈ ಕೆಲಸದಲ್ಲಿ ಎಲ್ಲಿ ಐಬು ಇದೆ ಎಂದು ಒಪ್ಪಿಕೊಳ್ಳುವ ಮಾತು. 'ಅಂಟು ತೆಳುವಾಯಿತು.' 'ಬಿಳಿ ದಾರ ಮುಗಿಯಿತು, ಕೊನೆಗೆ ಕಂದು.' 'ಮಳೆ. ಸರಿಯಾಗಿ ಒಣಗಲಿಲ್ಲ.'

ಮೆಲ್ಲಗಮ್ಮ ಕೊನೆಯದನ್ನು ಓದಿ, ಗ್ರಂಥಾಲಯ ಎನ್ನುವುದನ್ನೂ ಮರೆತು ಗಟ್ಟಿಯಾಗಿ ನಕ್ಕರು. "ಒಳಗಿರೋ ಮುನ್ನೂರು ಪುಟಕ್ಕಿಂತ ಇದೇ ಸರಿಯಾದ ವರದಿ ಕಣ್ರೀ."

ಆರನೇ ದಿನಕ್ಕೆ ಇಪ್ಪತ್ತೆರಡು ಸಂಪುಟ ಮುಗಿದಿತ್ತು. ಪತ್ರದ ಸುಳಿವಿಲ್ಲ. ನಗುವೂ ಮುಗಿದಿತ್ತು. ಹೋಟೆಲಿನ ಬಿಲ್ ಬುಕ್ಕಿಗೆ ಹತ್ತಿ ಹೋಗಿದ್ದರೆ? ಅಂಗಡಿಯ ಬಾಡಿಗೆ, ನನ್ನ ಊಟ, ಹೊಲಿಯಲು ಬರುವ ಇಬ್ಬರು ಹೆಂಗಸರ ಸಂಬಳ, ಎಲ್ಲವೂ ಆ ಒಂದು ಯಂತ್ರದ ಹಲಗೆಯ ಮೇಲೆ ಕೂತಿತ್ತು. ಹೆದರಿಕೆಯಾಗುತ್ತಿತ್ತು. ಹೆದರಿಕೆಯಾದಾಗ ನಾನು ಬೈಯುತ್ತೇನೆ, ಬೇರೆ ದಾರಿ ಗೊತ್ತಿಲ್ಲ. "ಇಷ್ಟೆಲ್ಲಾ ಕಸ ಅಂಟಿಸಿದವರು, ಆ ಒಂದು ಪತ್ರ ಪ್ರತ್ಯೇಕ ಇಡಬಾರದಿತ್ತಾ ಅಪ್ಪಾ? ತಲೆಯಲ್ಲಿ ಏನಿತ್ತು ನಿಮಗೆ?"

ಇಪ್ಪತ್ಮೂರನೇ ಸಂಪುಟದ ರಟ್ಟು ಕಿತ್ತಾಗ ಒಳಗಿನ ಪಟ್ಟಿ ನೀಲಿ ಬಣ್ಣದ್ದು. ದಪ್ಪ ಕಾಗದ. ಉಳಿದವುಗಳ ಹಾಗೆ ಬೆನ್ನಿಗೆ ಮಲಗಿರಲಿಲ್ಲ. ಉದ್ದಕ್ಕೂ ಸುಕ್ಕು ಸುಕ್ಕಾಗಿ ಎದ್ದಿತ್ತು. ಗಂಜಿ ಸವರಿ ಕಾದೆವು. ಪಟ್ಟಿ ಎತ್ತಿ ತಿರುಗಿಸಿದರೆ ಶಾಯಿಯ ಅಕ್ಷರ, ಎರಡು ಪೂರ್ತಿ ಸಾಲು: 'ಸದರಿ ಕತ್ತರಿ ಯಂತ್ರವು ಸಾಲ ತೀರುವವರೆಗೆ ನನ್ನ ಹೆಸರಿನಲ್ಲಿಯೇ...'

ನಾನು ಕಿರುಚಿಕೊಂಡೆ. ಮೆಲ್ಲಗಮ್ಮ "ಮೆಲ್ಲಗೆ" ಎನ್ನಲಿಲ್ಲ. ಅವರೂ ಕಿರುಚಿದ್ದರು.

ಇಪ್ಪತ್ನಾಲ್ಕು, ಇಪ್ಪತ್ತೈದು, ಇಪ್ಪತ್ತಾರು. ಪ್ರತಿಯೊಂದರಲ್ಲೂ ನೀಲಿ ಪಟ್ಟಿ, ಪ್ರತಿಯೊಂದೂ ಸುಕ್ಕು. ಕೈ ಚಕಚಕ ಓಡುತ್ತಿದ್ದರೂ ಬೈಂಡರಿನ ಕಣ್ಣಿಗೆ ಅದು ಕಿರಿಕಿರಿ ಮಾಡುತ್ತಿತ್ತು. ಕಾಗದಕ್ಕೂ ಮರದ ಹಾಗೆ ಎಳೆ ಇರುತ್ತದೆ. ಎಳೆಯ ಜೊತೆ ಕತ್ತರಿಸಿದ ಪಟ್ಟಿ ಬೆನ್ನಿನ ಮೇಲೆ ಮಗುವಿನ ಹಾಗೆ ಮಲಗುತ್ತದೆ. ಎಳೆಗೆ ಅಡ್ಡಲಾಗಿ ಕತ್ತರಿಸಿದರೆ, ಅಂಟು ತಾಗಿದ ಕೂಡಲೇ ಸೆಟೆದುಕೊಂಡು ಸುಕ್ಕಾಗುತ್ತದೆ. ನಮ್ಮ ಕಸುಬಿನಲ್ಲಿ ಇದು ಮೊದಲ ಪಾಠ. ಈ ಪತ್ರವನ್ನು ಉದ್ದಕ್ಕೆ ಕತ್ತರಿಸಬೇಕಾಗಿತ್ತು. ಯಾರೋ ಅಡ್ಡಡ್ಡ ಕತ್ತರಿಸಿದ್ದರು.

"ಪುಣ್ಯ ಅಲ್ವಾ," ಎಂದರು ಮೆಲ್ಲಗಮ್ಮ. "ಅಡ್ಡ ಕತ್ತರಿಸಿದ್ದಕ್ಕೇ ಒಂದೊಂದು ಪಟ್ಟಿಯಲ್ಲೂ ಸಾಲು ಪೂರ್ತಿ ಇದೆ. ಉದ್ದಕ್ಕೆ ಸೀಳಿದ್ರೆ ಅಕ್ಷರ ಅಕ್ಷರ ಕೂಡಿಸಬೇಕಿತ್ತು."

"ಪುಣ್ಯ ಏನ್ ಬಂತು? ಇಷ್ಟು ಕೆಟ್ಟ ಕೆಲಸ ನಮ್ಮ ಅಂಗಡಿಯಿಂದ ಹೊರಗೆ ಹೋಗಿದೆ ಅಂದ್ರೆ ನಾಚಿಕೆ. ಯಾವ ಕತ್ತೆ ಕತ್ತರಿಸಿದ್ದೋ ಇದನ್ನ!"

ಮೂವತ್ತನೇ ಸಂಪುಟದ ರಟ್ಟು ಕಿತ್ತೆ. ನೀಲಿ ಪಟ್ಟಿಯ ಮೇಲೆ ಪೆನ್ಸಿಲ್ಲಿನ ಸಾಲು, ಅಪ್ಪನ ಸಣ್ಣ ದುಂಡು ಅಕ್ಷರ:

'ಪಟ್ಟಿ ಅಡ್ಡ. ಕತ್ತರಿಸಿದ್ದು ಮಗಳು. ಬಿಚ್ಚಿದವರು ಬೈಯಬಾರದು.'

ಮೆಲ್ಲಗಮ್ಮ ಓದಿ ನನ್ನ ಮುಖ ನೋಡಿದರು. ನಾನು ಬ್ರಷ್ಷು ಅದ್ದಿ, ಪೆನ್ಸಿಲ್ಲಿನ ಸಾಲು ಅಳಿಸದಂತೆ ಅಂಚಿಗೆ ಮಾತ್ರ ಗಂಜಿ ಸವರಿದೆ. ನೆನೆಯಲು ಅರ್ಧ ಗಂಟೆ ಹಿಡಿಯಿತು. ಚಾಕನ್ನು ಮೆಲ್ಲಗಮ್ಮನ ಕೈಗೆ ಕೊಟ್ಟೆ, ಪಟ್ಟಿ ಎತ್ತಿದ್ದು ಅವರೇ. ಅದರ ಹಿಂದೆ ಹಳೆಯ ಯಜಮಾನರ ದಪ್ಪ ಬರಹ: 'ಅಸಲು ಬಡ್ಡಿ ಪೂರ್ತಿ ಸಂದಾಯ. ಯಂತ್ರ ಇನ್ನು ಬೈಂಡರದೇ.' ಕೆಳಗೆ ತಾರೀಖು, ರುಜು.

ಮಾರನೇ ಬೆಳಿಗ್ಗೆ ಎಂಟು ಪಟ್ಟಿಯನ್ನೂ ಎರಡು ರಟ್ಟಿನ ನಡುವೆ ಇಟ್ಟುಕೊಂಡು ಪೇಪರ್ ಅಂಗಡಿಗೆ ಹೋದೆ. ಯಜಮಾನ ಗಲ್ಲಾದ ಮೇಲಿದ್ದ ಕಾಗದದ ರೀಮುಗಳನ್ನು ಸರಿಸಿ ಜಾಗ ಮಾಡಿಕೊಟ್ಟ. ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಜೋಡಿಸಿದೆ. ಆತ ಬೆರಳು ಹಾಯಿಸುತ್ತ ಓದಿದ. ರುಜುವಿನ ಹತ್ತಿರ ಬೆರಳು ನಿಂತಿತು.

"ನಮ್ಮಪ್ಪನದೇ," ಎಂದ. "ಈ ಬಾಲ ಬೇರೆ ಯಾರಿಗೂ ಎಳೆಯೋಕೆ ಬರಲ್ಲ." ಆಮೇಲೆ ಲೆಕ್ಕದ ಪುಸ್ತಕ ತೆಗೆದು, ಇಪ್ಪತ್ತೇಳು ವರ್ಷದ ಖಾಲಿ ಜಾಗದಲ್ಲಿ 'ಸಂದಾಯ' ಎಂದು ಬರೆದು, ನನ್ನ ಎದುರಿಗೇ ಗೆರೆ ಎಳೆದ. "ಕ್ಷಮಿಸಿ ಅಕ್ಕಾ. ನಿಮಗೆ ಬಹಳ ತೊಂದರೆ ಕೊಟ್ಟೆ."

"ಪರವಾಗಿಲ್ಲ."

"ಆದ್ರೂ ಇಂಥ ಪತ್ರನ ಕತ್ತರಿಸಿ ಹಾಕೋದಾ? ನಿಮ್ಮಪ್ಪ ಅಷ್ಟು ತಿಳಿದವರು, ಹೀಗೆ ಹೇಗೆ ಮಾಡಿದ್ರು?"

"ಅಪ್ಪ ಅಲ್ಲ. ನಾನು ಮಾಡಿದ್ದು. ಹನ್ನೊಂದು ವರ್ಷ ಆಗ ನಂಗೆ. ಶಾಲೆಗೆ ರಜ. ಅಪ್ಪ ಹೊರಗೆ ಹೋಗಿದ್ರು. ಮೇಜಿನ ಮೇಲೆ ಕಬ್ಬಿಣದ ತೂಕದ ಬಟ್ಟಿನ ಕೆಳಗೆ ನೀಲಿ ಕಾಗದ ಇತ್ತು, ದಪ್ಪಗೆ, ಚೆನ್ನಾಗಿತ್ತು. ಅಪ್ಪ ಬರೋಷ್ಟರಲ್ಲಿ ಎಲ್ಲಾ ಪಟ್ಟಿ ಮಾಡಿಟ್ಟು ಆಶ್ಚರ್ಯ ಪಡಿಸೋಣ ಅಂತ, ಯಂತ್ರಕ್ಕೆ ಕೊಟ್ಟೆ."

"ಇನ್ನೊಂದು ಪತ್ರ ಬರೆಸ್ಕೋಬಹುದಿತ್ತಲ್ಲ ನಮ್ಮಪ್ಪನ ಹತ್ರ?"

"ನಿಮ್ಮಪ್ಪನ ಬಾಯಿ ನಿಮಗೆ ಗೊತ್ತಿಲ್ವಾ? ಯಾಕೆ ಏನು ಅಂತ ಕೇಳ್ತಿದ್ರು. ಸಂಜೆಯೊಳಗೆ ಬೀದಿಗೆಲ್ಲ, ಬೈಂಡರ ಮಗಳು ಸಾಲದ ಪತ್ರ ಕತ್ತರಿಸಿದ್ಲು ಅಂತ ಸಾರಿಬಿಡ್ತಿದ್ರು."

ಆತ ನಗುತ್ತಾ ತಲೆಯಾಡಿಸಿದ. "ಅದು ನಿಜ. ನಾನೇನಾದ್ರೂ ಅಂಥ ಕೆಲಸ ಮಾಡಿದ್ರೆ ಚರ್ಮ ಸುಲೀತಿದ್ರು. ನಿಮ್ಮಪ್ಪ ಏನಂದ್ರು ಅವತ್ತು, ನೋಡಿದ ತಕ್ಷಣ?"

ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದದ್ದು, ಎಂಟು ಪಟ್ಟಿಯನ್ನೂ ಎತ್ತಿಕೊಂಡು ತುಂಬಾ ಹೊತ್ತು ಹಿಂದೆ ಮುಂದೆ ನೋಡಿದ್ದು, ಸರಿಯಾಗಿದೆಯಾ ಅಪ್ಪಾ ಎಂದು ನಾನು ಕುಣಿಯುತ್ತಾ ಕೇಳಿದ್ದು, ಎಲ್ಲ ನೆನಪಿಗೆ ಬಂತು. ಪೇಪರ್ ಅಂಗಡಿಯ ಗಲ್ಲಾದ ಮುಂದೆ, ನಾಲ್ಕು ಜನ ಗಿರಾಕಿಗಳ ಎದುರು, ನಾನು ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಆತ ಗಾಬರಿಯಾಗಿ ನೀರು ತರಿಸಿದ.

"ಅಷ್ಟೊಂದು ಬೈದ್ರಾ ಅಕ್ಕಾ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ," ಎಂದೆ. "ಚೆನ್ನಾಗಿ ಕತ್ತರಿಸಿದ್ದೀಯ ಪುಟ್ಟಿ, ನಾಳೆಯಿಂದ ಪಟ್ಟಿ ಎಲ್ಲಾ ನೀನೇ ಕತ್ತರಿಸು ಅಂದ್ರು."